ಮೊದಲ ನೀರು

ರಾತ್ರಿ ಒಂದು ಗಂಟೆಯ ಹೊತ್ತಿಗೆ ಗೋಡೆಯಾಚೆ ಒಂದು ಚೊಂಬು ಹಂಡೆಯ ತಳವನ್ನು ಕೆರೆಯಿತು. ಸ್ವಲ್ಪ ಬಿಟ್ಟು ಇನ್ನೊಂದು ಸಲ. ಆಮೇಲೆ ಯಾರೋ ಹಂಡೆಯನ್ನು ವಾಲಿಸಿದರು. ತಾಮ್ರ ಸಿಮೆಂಟಿಗೆ ಉಜ್ಜಿದ ಸದ್ದು, ಮತ್ತೆ ಚೊಂಬಿನ ಸದ್ದು, ಆಮೇಲೆ ಏನೂ ಇಲ್ಲ.

ಅರುಂಧತಿ ಎದ್ದು ಕೂತಳು. ಆಚೆ ಮನೆ ಪಟ್ಟಲಮ್ಮನದು. ಅವಳ ಮಗಳು ದೀಪಿಕ ಹೆರಿಗೆಗೆ ಬಂದಿದ್ದಳು. ಕೂಸಿಗೆ ಹದಿಮೂರು ದಿನ. ಎರಡು ಮನೆಗೂ ಒಂದೇ ಗೋಡೆಯಾದ್ದರಿಂದ ಆ ಮನೆಯಲ್ಲಿ ಎಷ್ಟು ನೀರು ಉಳಿದಿದೆ ಎಂಬುದು ಅರುಂಧತಿಗೆ ಸದ್ದಿನಿಂದಲೇ ತಿಳಿಯುತ್ತಿತ್ತು. ಸಂಜೆ ಚೊಂಬು ಮುಳುಗುವ ಸದ್ದಿತ್ತು. ಈಗ ತಳಕ್ಕೆ ಬಡಿಯುತ್ತಿದೆ.

"ಅವ್ವ, ಬೆಳಗ್ಗೆ ಕೂಸಿನ ಬಟ್ಟೆಗೆ ಏನ್ ಮಾಡದು?" ಎಂದಳು ದೀಪಿಕ, ಗೋಡೆಯಾಚೆ.

"ಸುಮ್ಕೆ ಮನೀಕೊ. ಬೆಳಗಾದ್ಮೇಲೆ ನೋಡನ" ಎಂದಳು ಪಟ್ಟಲಮ್ಮ.

ನೀರು ನಿಂತು ಆರು ದಿನವಾಗಿತ್ತು. ನಿಲ್ಲಿಸಿದವರಲ್ಲಿ ಅರುಂಧತಿಯೂ ಒಬ್ಬಳು.

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಿಂದ ಎರಡು ಕಿಲೋಮೀಟರು ಒಳಗಿದ್ದ ಆ ಊರಿನ ಪಂಚಾಯ್ತಿಯಲ್ಲಿ ಅವಳು ಕಂಪ್ಯೂಟರ್ ಆಪರೇಟರ್. ಬೀದಿಯಲ್ಲಿ ಬಿ.ಕಾಂ. ಓದಿದವಳು ಅವಳೊಬ್ಬಳೇ. ಪಂಚಾಯ್ತಿ ನೌಕರರ ಸಂಘ ಜಿಲ್ಲೆಗೆಲ್ಲ ಮುಷ್ಕರಕ್ಕೆ ಕರೆ ಕೊಟ್ಟಾಗ ನೀರು ಬಿಡುವವರು, ಕಸ ತೆಗೆಯುವವರು, ಆಪರೇಟರುಗಳು ಎಲ್ಲರೂ ಮಂಡ್ಯಕ್ಕೆ ಹೋಗಿ ಶಾಮಿಯಾನದ ಕೆಳಗೆ ಕೂತರು. ಕೇಳಿದ್ದು ಎರಡೇ: ಕೆಲಸಕ್ಕೆ ಸರ್ಕಾರದ ಅನುಮೋದನೆ, ವಾರಕ್ಕೊಂದು ರಜೆ.

ಅವರ ಪಂಚಾಯ್ತಿಯಲ್ಲಿ ನೀರು ಬಿಡುತ್ತಿದ್ದವನು ಅಂಕಯ್ಯ. ಅದೇ ಬೀದಿಯ ಕೊನೆಯ ಮನೆಯವನು, ಐವತ್ತರ ಮೇಲಾಗಿತ್ತು. ಅರುಂಧತಿ ಅವನನ್ನು ಮಾವ ಎಂದೇ ಕರೆಯುತ್ತಿದ್ದಳು. ಹತ್ತೊಂಬತ್ತು ವರ್ಷದಲ್ಲಿ ಅವನು ಒಂದು ದಿನವೂ ರಜೆ ಪಡೆದವನಲ್ಲ. ತಾಯಿ ಸತ್ತ ದಿನ ಬೆಳಗಿನ ಜಾವ ಐದಕ್ಕೆ ಹೆಣವನ್ನು ಮನೆಯಲ್ಲಿ ಬಿಟ್ಟು ಹೋಗಿ ಮೂರು ಬೀದಿಗೆ ನೀರು ಬಿಟ್ಟು ಬಂದು ಆಮೇಲೆ ಅತ್ತಿದ್ದ.

ಮುಷ್ಕರ ಶುರುವಾಗುವ ಹಿಂದಿನ ಸಂಜೆ ಪಂಚಾಯ್ತಿಯ ಮೆಂಬರು ಹೊನ್ನಯ್ಯ ಕಚೇರಿಯ ಮೆಟ್ಟಿಲ ಮೇಲೆ ನಿಂತು ಅವನನ್ನು ತಡೆದಿದ್ದ.

"ಏನ್ಲಾ ಅಂಕ, ನೀರು ನಿಲ್ಸಕ್ಕೆ ಯಾವ ಕಾನೂನಲ್ಲಿ ಅದೆ? ಮೇಷ್ಟ್ರು ಪಾಠ ನಿಲ್ಸಿದ್ರೆ ಮಕ್ಕಳು ಆಡ್ಕಂಡಿರ್ತವೆ. ನೀರು ನಿಂತ್ರೆ ಜನ ಏನ್ ಕುಡೀತಾರೆ, ನಿನ್ ಉಚ್ಚೆಯಾ?"

"ನಿಮ್ ಬೀದೀಲಿ ಮನೆಗೊಂದು ಬೋರು ಅದಲ್ಲ, ನೀವ್ಯಾಕೆ ಎದರ್ತೀರಿ ಸ್ವಾಮಿ" ಎಂದ ಅಂಕಯ್ಯ. "ನೀರು ಬೇಕೇ ಬೇಕು ಅಂತ ನಿಮ್ಗೆ ಗೊತ್ತು. ನೀರು ಬುಡೋನೂ ಬೇಕು ಅಂತ ಯಾವತ್ತು ಗೊತ್ತಾಗೋದು? ಒಂದು ವಾರ ಬುಡ್ದೆ ಇದ್ರೆ ಗೊತ್ತಾಯ್ತದೇನೋ."

ಹೊನ್ನಯ್ಯ ಉಗುಳಿ ಹೋದ. ಆದರೆ ಅವನ ಮಾತಿನಲ್ಲಿ ಅರ್ಧ ನಿಜವಿತ್ತು, ಅಂಕಯ್ಯನ ಮಾತಿನಲ್ಲಿ ಇನ್ನರ್ಧ. ಬೋರು ಇದ್ದ ಬೀದಿಗಳಿಗೆ ಮುಷ್ಕರ ತಟ್ಟುವಂತಿರಲಿಲ್ಲ. ತಟ್ಟುವುದು ಅರುಂಧತಿಯವರ ಕೆಳಗಿನ ಬೀದಿಗೇ. ಅಲ್ಲಿನ ಮಿನಿ ಟ್ಯಾಂಕಿನ ಮೋಟಾರು ಸುಟ್ಟು ಎರಡು ತಿಂಗಳಾಗಿತ್ತು.

ಅಂಕಯ್ಯನಿಗೂ ಅದು ಗೊತ್ತಿತ್ತು. ಆ ರಾತ್ರಿಯೇ ಅವನು ದೊಡ್ಡ ಟ್ಯಾಂಕನ್ನು ಭರ್ತಿ ಮಾಡಿ ವಾಲ್ ಮುಚ್ಚಿದ. ಎಲ್ಲಾದರೂ ಹುಲ್ಲಿನ ಮೆದೆಗೆ ಬೆಂಕಿ ಬಿದ್ದರೆ ಇರಲಿ ಅಂತ. ಮುಚ್ಚಿ, ವಾಲ್ ತಿರುಗಿಸುವ ಕೀಯನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಅರುಂಧತಿಯ ಬಾಗಿಲಿಗೆ ಬಂದ. ಕೀ ಎಂದರೆ ತೋಳುದ್ದದ ಕಬ್ಬಿಣದ ಸರಳು, ಮೇಲ್ತುದಿಗೆ ಅಡ್ಡಹಿಡಿ. ಹಿಡಿದು ಹಿಡಿದು ಹಿಡಿಯ ಎರಡು ಕಡೆಯೂ ನುಣುಪಾಗಿತ್ತು.

"ಇದು ನಿಮ್ತಾವೇ ಇರ್ಲಿ ಕಣವ್ವ."

"ನನ್ನ ಹತ್ತಿರ ಯಾಕೆ ಮಾವ?"

"ನನ್ ತಾವ ಇದ್ರೆ ಯಾರಾರ ಬಂದು ವಸಿ ಅತ್ತರೂ ಬುಟ್ಬುಡ್ತೀನಿ. ನನ್ಗೆ ನನ್ ಮ್ಯಾಲೆ ನಂಬ್ಕೆ ಇಲ್ಲ. ನೀವು ಓದಿರೋರು, ಗಟ್ಟಿ." ಸ್ವಲ್ಪ ನಕ್ಕು, "ನಾನೇ ಬಂದು ಕೇಳಿದ್ರೂ ಕೊಡ್ಬೇಡಿ" ಎಂದಿದ್ದ.

ಅವಳ ಅತ್ತೆ ಪುಟ್ಟಮಾದಮ್ಮ ನೋಡದ ಹಾಗೆ ಅದನ್ನು ಮಂಚದ ಕೆಳಗೆ ಸೇರಿಸಿದ್ದಳು.

ಆರನೆಯ ರಾತ್ರಿ ಗೋಡೆಯಾಚೆಯ ಸದ್ದು ನಿಂತ ಮೇಲೆ ಅವಳು ಬಹಳ ಹೊತ್ತು ಆ ಕಬ್ಬಿಣದ ಮೇಲೆಯೇ ಮಲಗಿದಂತೆ ಹೊರಳಾಡಿದಳು. ಗಂಡ ಅಶೋಕನಿಗೆ ಕಾರ್ಖಾನೆಯಲ್ಲಿ ರಾತ್ರಿ ಪಾಳಿ. ಅತ್ತೆಗೆ ಕಿವಿ ಮಂದ. ಅವಳು ಗಟ್ಟಿಯವಳಲ್ಲ, ಹೆದರಿಕೆಯವಳು. ಹೆದರುವವರು ಸುಮ್ಮನಿರುವುದರಿಂದ ಹೊರಗಿನವರಿಗೆ ಗಟ್ಟಿಯಾಗಿ ಕಾಣುತ್ತಾರೆ, ಅಷ್ಟೆ. ಕೂಸಿಗೆ ಏನಾದರೂ ಆದರೆ? ಬಾಣಂತಿಗೆ ನಂಜು ಏರಿದರೆ? ಮುಷ್ಕರದ ಹಾಜರಿ ಪುಸ್ತಕ ಬರೆಯುತ್ತಿದ್ದವಳು ತಾನು. ನಾಳೆ ಯಾರಾದರೂ ಬೆರಳು ತೋರಿಸಿದರೆ?

ಒಂದು ಗಂಟೆ ಬಿಟ್ಟರೆ ಸಾಕು, ಎರಡು ಹಂಡೆ ತುಂಬಿಕೊಳ್ಳಲಿ, ಮತ್ತೆ ಮುಚ್ಚಿದರಾಯಿತು ಎಂದುಕೊಂಡು ಹಳೆಯ ಸೀರೆಯಲ್ಲಿ ಕೀಯನ್ನು ಸುತ್ತಿ ಹಿತ್ತಿಲ ಬಾಗಿಲಿಂದ ಹೊರಟಳು.

ದೊಡ್ಡ ಟ್ಯಾಂಕು ಬೀದಿಯ ಬಾಯಲ್ಲೇ. ಬುಡದಲ್ಲಿ ವಾಲಿನ ಗುಂಡಿ, ಮೇಲೆ ಒಂದು ಚಪ್ಪಡಿ. ಚಪ್ಪಡಿಯನ್ನು ಕಾಲಿನಿಂದ ತಳ್ಳಿ, ಕತ್ತಲಲ್ಲಿ ಕೈಯಾಡಿಸಿ ಕೀಯನ್ನು ಕೂರಿಸಿದಳು. ಮೊದಲ ಸುತ್ತಿಗೆ ಅದು ಅಲುಗಲಿಲ್ಲ. ಇಡೀ ಮೈ ಭಾರ ಹಾಕಿದಾಗ ಕಿರುಗುಟ್ಟಿ ಬಿಟ್ಟುಕೊಂಡಿತು. ಒಂಬತ್ತು ಸುತ್ತು ತಿರುಗಿಸಿದಳು. ಕೆಳಗೆ ಪೈಪಿನಲ್ಲಿ ನೀರು ಹರಿಯತೊಡಗಿತು. ಬೀದಿಯ ಉದ್ದಕ್ಕೂ ಒಂದೊಂದೇ ನಲ್ಲಿ ಗಾಳಿ ಉಗುಳಿ ಸೀಟಿ ಹೊಡೆಯಿತು.

ಅವಳು ಎಣಿಸದೇ ಇದ್ದದ್ದು ಇದು. ಆರು ದಿನ ನೀರಿಲ್ಲದ ಬೀದಿ ಆ ಸದ್ದಿಗೆ ಹೇಗೆ ಏಳುತ್ತದೆ ಎಂಬುದು. ಬಾಗಿಲುಗಳು ತೆರೆದವು. ಲೈಟುಗಳು ಹೊತ್ತಿದವು. ಬಿಂದಿಗೆ, ಬಕೆಟ್ಟು, ಡ್ರಮ್ಮು.

"ಬಂತು ಕಣ್ರೋ! ಎದ್ದೇಳ್ರೋ!"

"ಮೆತ್ತಗೆ ಮಾತಾಡ್ಲಾ. ಮೇಲ್ಬೀದಿಯೋರು ಕೇಳಿಸ್ಕಂಡ್ರೆ ಬಂದು ಮುಚ್ತಾರೆ."

ಕೈಯಲ್ಲಿ ಆ ಸರಳು ಹಿಡಿದು ಅವರ ನಡುವೆ ಮನೆಗೆ ಹೋಗುವಂತಿರಲಿಲ್ಲ. ವಾಲ್ ಮುಚ್ಚಲು ಮತ್ತೆ ಬಗ್ಗುವಂತೆಯೂ ಇರಲಿಲ್ಲ. ಪಕ್ಕದ ಪಂಪ್‌ಹೌಸಿಗೆ ಬೀಗವಿಲ್ಲ, ಬರೀ ಚಿಲಕ. ಒಳಗೆ ನುಗ್ಗಿ, ಕೀ ವರ್ಷಗಟ್ಟಲೆ ನೇತಾಡಿದ್ದ ಮೊಳೆಗೇ ಅದನ್ನು ನೇತುಹಾಕಿ, ಚಪ್ಪಡಿ ಎಳೆದು, ದನದ ಕೊಟ್ಟಿಗೆಗಳ ಹಿಂದಿನಿಂದ ಸುತ್ತಿ ಮನೆಗೆ ಬಂದು ತಾನೂ ಬಿಂದಿಗೆ ಹಿಡಿದು ಹೊರಗೆ ನಿಂತಳು.

ಎದುರು ಮನೆಯ ಮುದುಕಿ ಚಿಕ್ಕಮಾದಮ್ಮ ಗೋಡೆ ಹಿಡಿದುಕೊಂಡು ಬಂದಳು. ಅವಳ ಬಿಂದಿಗೆಯನ್ನು ಅರುಂಧತಿಯೇ ತುಂಬಿಸಿ ಒಳಗಿಟ್ಟು ಬಂದಳು. ಮುದುಕಿ ಅಲ್ಲೇ ಒಂದು ಲೋಟ ಮೊಗೆದು ಗಟಗಟ ಕುಡಿದಳು.

"ವಸಿ ತುಕ್ಕಿನ ವಾಸ್ನೆ ಕಣವ್ವ" ಎಂದಳು. "ಆದ್ರೂ ಈಟು ರುಚಿ ಯಾವತ್ತೂ ಇರ್ಲಿಲ್ಲ."

ಬೆಳಗಾಗುವಷ್ಟರಲ್ಲಿ ಟ್ಯಾಂಕು ಬರಿದಾಗಿತ್ತು.

ಬೆಳಿಗ್ಗೆ ಅರುಂಧತಿ ಬಾಗಿಲು ಗುಡಿಸುತ್ತಿದ್ದಾಗ ಅಂಕಯ್ಯ ಟವೆಲ್ಲು ಹೆಗಲಿಗೆ ಹಾಕಿಕೊಂಡು ಬೀದಿಯಲ್ಲಿ ಬಂದ. ಹಿಂದಿನ ಸಂಜೆ ಅವನೂ ಮಂಡ್ಯದಿಂದ ಕೊನೆಯ ಬಸ್ಸಿಗೆ ಊರಿಗೆ ಬಂದಿದ್ದ. ಪಟ್ಟಲಮ್ಮ ಜಗಲಿಯಿಂದಲೇ ಕೂಗಿದಳು.

"ಬಾರಪ್ಪ ನನ್ನಪ್ಪ! ಕಾಪಿ ಕುಡ್ಕೊಂಡು ಓಗು. ಬಾಯಲ್ಲಿ ಸಂಘ ಗಿಂಘ ಅಂದ್ರೂ ಒಟ್ಟೇಲಿ ಕರುಳು ಮಡಗಿದ್ದೀಯ."

"ನಾನೇನ್ ಮಾಡ್ದೆ?" ಎಂದ ಅಂಕಯ್ಯ.

"ಅಯ್ಯೋ, ಸುಮ್ಕಿರು. ನಾವ್ ಯಾರ್ಗೂ ಯೋಳಕಿಲ್ಲ. ಸರೊತ್ನಲ್ಲಿ ನೀರು ತಾನೇ ಎದ್ದು ಬಂತಾ?"

"ಕಳ್ಳ ನನ್ಮಗ" ಎಂದಳು ಚಿಕ್ಕಮಾದಮ್ಮ ಎದುರು ಜಗಲಿಯಿಂದ. "ಅಗಲೊತ್ತು ದಿಕ್ಕಾರ ಕೂಗ್ತಾನೆ, ರಾತ್ರಿ ಬಂದು ನೀರು ಕುಡುಸ್ತಾನೆ. ಎರಡೆಂಡ್ರು ಗಂಡನಂಗೆ!"

ಎಲ್ಲರೂ ನಕ್ಕರು. ಅಂಕಯ್ಯ ಒಂದು ಕ್ಷಣ ಟ್ಯಾಂಕಿನ ಕಡೆ ನೋಡಿದ. ಆಮೇಲೆ ಅವನೂ ನಕ್ಕು, "ಊಂ, ಬುಡಿ ಬುಡಿ" ಎಂದು ಲೋಟ ತೆಗೆದುಕೊಂಡ.

ಅರುಂಧತಿ ಪೊರಕೆ ಹಿಡಿದು ನಿಂತುಬಿಟ್ಟಳು. ಅವನೇಕೆ ಇಲ್ಲ ಎನ್ನಲಿಲ್ಲ ಎಂಬುದು ಅವಳಿಗೆ ಅರ್ಥವಾಯಿತು. ನೀರು ತಡವಾಯಿತು, ಸಣ್ಣಗೆ ಬಂತು, ಮೇಲ್ಬೀದಿಗೆ ಜಾಸ್ತಿ ಬಿಟ್ಟೆ ಎಂದು ಹತ್ತೊಂಬತ್ತು ವರ್ಷ ಬೈಸಿಕೊಂಡವನು. ಆ ಬೀದಿಯಲ್ಲಿ ಅವನನ್ನು ಕರೆದು ಕೂರಿಸಿ ಕಾಫಿ ಕೊಟ್ಟದ್ದು ಅದೇ ಮೊದಲು. ಲೋಟವನ್ನು ಅವನು ಎರಡು ಕೈಯಲ್ಲಿ ಹಿಡಿದಿದ್ದ.

ಮಂಡ್ಯದ ಬಸ್ಸಿನಲ್ಲಿ ಅವನು ಅವಳ ಹಿಂದಿನ ಸೀಟಿಗೆ ಬಂದು ಬಗ್ಗಿ ಕೇಳಿದ.

"ಕೀ ನಿಮ್ತಾವೇ ಅದಲ್ವಾ ಅವ್ವ?"

"ಹೂಂ" ಎಂದಳು. ಕಿಟಕಿಯ ಆಚೆ ಕಬ್ಬಿನ ಗದ್ದೆ ಓಡುತ್ತಿತ್ತು.

"ನಾನೂ ಅಂಗೇ ಅಂದ್ಕಂಡೆ. ಒನ್ನಯ್ಯನ ಕಡೇರು ಪೈಪ್ ರೆಂಚು ತಂದು ತಿರುಗ್ಸವ್ರೆ. ಮುಷ್ಕರ ಮುರಿಯಕ್ಕೆ. ಆ ನನ್ಮಕ್ಳು ಮೊದಲ ನೀರು ಆಚೆ ಬುಟ್ರೋ ಇಲ್ವೋ" ಎಂದ.

"ಮೊದಲ ನೀರು ಅಂದರೆ?"

"ಲೈನು ಒಣಗಿದ್ದಾಗ ಚರಂಡಿ ನೀರು ಜಾಯಿಂಟಿಂದ ಒಳೀಕೆ ಎಳ್ಕತದೆ ಕಣವ್ವ. ಚರಂಡಿ ಪಕ್ಕದಲ್ಲೇ ತಾನೆ ಪೈಪು ಓಗಿರೋದು. ಅದ್ಕೆ ನಲ್ಲಿಗೆ ಬುಡೋಕ್ಮುಂಚೆ ಬೀದಿ ಕೊನೆ ಗೇಟ್ ವಾಲ್ ಬಿಚ್ಚಿ ಅರ್ಧ ಗಂಟೆ ಅಂಗೇ ಅರಿಯಾಕೆ ಬುಡ್ಬೇಕು. ಆಮ್ಯಾಕೆ ಬ್ಲೀಚಿಂಗ್ ಪೌಡ್ರು. ನೀವೇ ಬರೀತೀರಲ್ಲ ತಿಂಗ್ಳಾ ತಿಂಗ್ಳಾ."

ಬರೆಯುತ್ತಿದ್ದಳು. ತಿಂಗಳ ವರದಿಯಲ್ಲಿ, ಹನ್ನೊಂದನೆಯ ಕಾಲಮಿನಲ್ಲಿ: 'ಕೊಳವೆ ಮಾರ್ಗವನ್ನು ಸ್ವಚ್ಛಗೊಳಿಸಲಾಗಿದೆ.' ಐದು ವರ್ಷ ಅದೇ ವಾಕ್ಯವನ್ನು ಒಂದು ತಪ್ಪಿಲ್ಲದೆ ಟೈಪು ಮಾಡಿದ್ದಳು. ಅದರ ಹಿಂದೆ ಒಬ್ಬ ಮನುಷ್ಯ ಅರ್ಧ ಗಂಟೆ ಬೀದಿಯ ಕೊನೆಯಲ್ಲಿ ನಿಂತು ಕೊಳೆ ನೀರು ಹರಿದುಹೋಗುವುದನ್ನು ಕಾಯುತ್ತಾನೆ ಎಂದು ಅವಳು ಯೋಚಿಸಿಯೇ ಇರಲಿಲ್ಲ.

"ಪಟ್ಟಲಮ್ಮನ ಮಗ್ಳಿಗೊಂದು ಫೋನ್ ಮಾಡಿ ಯೋಳ್ಬುಡವ್ವ, ಯಾರೂ ಅಂಗೇ ಕುಡೀಬ್ಯಾಡಿ, ಕುದ್ಸಿ ಕುಡೀರಿ ಅಂತ. ಬೀದಿಗೆಲ್ಲ ಯೋಳಿ ಅನ್ನು."

ಅವಳು ಫೋನ್ ಮಾಡಿದಳು. "ದೀಪಿಕ, ನಿನಗೂ ಕೂಸಿಗೂ ಕುದಿಸಿದ ನೀರೇ ಬಳಸು."

"ಬಾಣಂತಿ ತಣ್ಣೀರು ಮುಟ್ತಾಳಾ ಅಕ್ಕ? ಕುದಿಸೇ ಕುಡಿಯೋದು. ಯಾಕಕ್ಕ?"

ಯಾಕೆ ಎಂಬ ಆ ಒಂದು ಮಾತಿಗೆ ಅವಳು ಸಿಕ್ಕಿಬಿದ್ದಳು. ಬೀದಿಗೆಲ್ಲ ಹೇಳು ಎಂದರೆ ದೀಪಿಕ ಹೇಳುತ್ತಾಳೆ. ಬೀದಿ ಕೇಳುತ್ತದೆ, ಅರುಂಧತಿಗೆ ಹೇಗೆ ಗೊತ್ತು ಎಂದು. ಅಂಕಯ್ಯ ಹೇಳಿದ ಎಂದರೆ ಮುಗಿಯುತ್ತಿತ್ತು. ಆ ಕ್ಷಣದಲ್ಲಿ ಅದು ಹೊಳೆಯಲಿಲ್ಲ. ಹೆದರಿದ ತಲೆಗೆ ಎಲ್ಲ ದಾರಿಯೂ ತನ್ನ ಮಂಚದ ಕೆಳಕ್ಕೇ ಬಂದು ಮುಟ್ಟುವಂತೆ ಕಾಣುತ್ತಿತ್ತು.

"ಸುಮ್ಮನೆ" ಎಂದು ಫೋನ್ ಇಟ್ಟಳು. ಹಿಂದಿನ ಸೀಟಿನಿಂದ ಅಂಕಯ್ಯ, "ಯೋಳಿದ್ರಾ?" ಎಂದ. ಅವಳು ಹೌದೆಂದು ತಲೆಯಾಡಿಸಿದಳು.

ಮಾರನೆಯ ದಿನ ನಸುಕಿಗೆ ಚಿಕ್ಕಮಾದಮ್ಮನ ಮನೆಯಲ್ಲಿ ವಾಂತಿಯ ಸದ್ದು ಕೇಳಿಸಿತು. ಬೆಳಕು ಹರಿಯುವಷ್ಟರಲ್ಲಿ ನಾಲ್ಕು ಮನೆ, ಮಧ್ಯಾಹ್ನಕ್ಕೆ ಹನ್ನೊಂದು. ಆಟೋಗಳಲ್ಲಿ ಕೆಲವರನ್ನು ಮದ್ದೂರಿಗೆ, ಕೆಲವರನ್ನು ಮಳವಳ್ಳಿಗೆ ಸಾಗಿಸಿದರು. ದೀಪಿಕಳಿಗೂ ಕೂಸಿಗೂ ಏನೂ ಆಗಲಿಲ್ಲ. ಆರು ದಿನ ಬಾರದಿದ್ದ ಟ್ಯಾಂಕರು ಎರಡು ಗಂಟೆಯಲ್ಲಿ ಬಂತು. ಹಿಂದೆಯೇ ಜೀಪುಗಳು, ಮೂಗಿಗೆ ಕರವಸ್ತ್ರ ಹಿಡಿದವರು. ಚಿಕ್ಕಮಾದಮ್ಮನನ್ನು ಮದ್ದೂರಿನಿಂದ ಮಂಡ್ಯಕ್ಕೆ ಕಳಿಸಿದರು. ಮೂರನೆಯ ದಿನ ಅವಳು ಅಲ್ಲೇ ತೀರಿಕೊಂಡಳು.

ಹೆಣ ಬಂದ ಸಂಜೆ ಹೊನ್ನಯ್ಯ ಕೆಳಗಿನ ಬೀದಿಗೆ ಬಂದ. ಅವನು ಹಾಗೆ ಬಂದದ್ದು ಚುನಾವಣೆಯಾದ ಮೇಲೆ ಅದೇ ಮೊದಲು.

"ನೋಡಿದ್ರಾ? ನೀರು ಬುಡೋರ್ಗೆ ಮುಷ್ಕರದ ಅಕ್ಕು ಕೊಡಿ ಅಂತೀರಲ್ಲ, ಈ ಮುದುಕೀನ ಕೇಳಿ ಅಕ್ಕು ಅಂದ್ರೇನು ಅಂತ."

ಅರುಂಧತಿ ಹೆಂಗಸರ ಹಿಂದೆ ನಿಂತಿದ್ದಳು. ಮುಷ್ಕರ ಮುಷ್ಕರವಾಗಿಯೇ ಉಳಿದಿದ್ದರೆ ಆ ಮುದುಕಿ ಈಗ ಜಗಲಿಯ ಮೇಲೆ ಕೂತು ಯಾರನ್ನೋ ಬೈಯುತ್ತಿರುತ್ತಿದ್ದಳು. ಕಷ್ಟವಾಗುತ್ತಿತ್ತು, ಸಾಯುತ್ತಿರಲಿಲ್ಲ. ಅದನ್ನು ಬಲ್ಲವಳು ಆ ಗುಂಪಿನಲ್ಲಿ ಒಬ್ಬಳೇ.

ಮಂಡ್ಯದಲ್ಲಿ ಶಾಮಿಯಾನ ಬಿಚ್ಚಿದರು. ಸಾವಾದ ಮೇಲೆ ಕೂರಲು ಸಂಘದವರಿಗೂ ಮುಖವಿರಲಿಲ್ಲ. ನೀರು ಬಿಟ್ಟವನು ಅಂಕಯ್ಯ ಎಂದು ಇಡೀ ಬೀದಿಗೆ ಗೊತ್ತಿತ್ತು. ಅವನೇ ಹೂಂ ಅಂದಿದ್ದನಲ್ಲ.

ವಿಚಾರಣೆಯ ಹಿಂದಿನ ದಿನ ಹೊತ್ತು ಮುಳುಗುವ ಮುಂಚೆ ಅವನು ಅರುಂಧತಿಯ ಮನೆಗೆ ಬಂದ. ಬುದ್ಧ ಮತ್ತು ಅಂಬೇಡ್ಕರರ ಪಟಗಳ ಕೆಳಗೆ, ಗೋಡೆಗೆ ಒರಗದೆ ಕೂತ. ನಾಲ್ಕು ದಿನದಲ್ಲಿ ಗಡ್ಡ ಬೆಳ್ಳಗಾಗಿತ್ತು.

"ಪಟ್ಟಲಮ್ಮ ಮೊಖಕ್ಕೆ ಉಗುದ್ಲು ಕಣವ್ವ. ಉಗೀಲಿ. ಒಂದು ಲೋಟ ಕಾಪಿ ಆಸೆಗೆ ಊಂ ಅಂದೆ ನೋಡಿ, ಆ ನಾಲ್ಗೆಗೆ ಬರೆ ಹಾಕ್ಬೇಕು. ಬೆಳಗ್ಗೆ ಊಂ ಅಂದೋನು ಸಾಯಂಕಾಲ ಊಹೂಂ ಅಂದ್ರೆ ಯಾರು ನಂಬ್ತಾರೆ?"

"ಮಾವ..."

"ಕೀ ಪಂಪ್‌ಹೌಸ್ ಮೊಳೇಲಿ ಸಿಕ್ತು ಅಂತ ಪಿಡಿಒ ಅಂತಾವ್ರೆ. ಅದೆಂಗೆ ಅಲ್ಲಿಗೆ ಓಯ್ತು ಅಂತ ನಂಗೆ ತಲೆ ಓಡ್ತಿಲ್ಲ. ಇನ್ನೊಂದು ಹಳೇದು ಇತ್ತು, ಅದಿರ್ಬೇಕು. ನಿಮ್ತಾವ ಇರೋದು ನಿಮ್ತಾವೇ ಅದಲ್ಲ." ಅವನು ಕೈ ಮುಗಿದಂತೆ ಎರಡು ಕೈ ಸೇರಿಸಿ ಮೊಣಕಾಲ ನಡುವೆ ಇಟ್ಟುಕೊಂಡ. "ನಾಳೆ ನೀವು ಒಂದೇ ಮಾತು ಯೋಳಿ. ಕೀ ನನ್ತಾವಿತ್ತು, ಅಂಕಯ್ಯ ಕೇಳೂ ಇಲ್ಲ, ನಾನು ಕೊಟ್ಟೂ ಇಲ್ಲ ಅಂತ. ಬಸ್ಸಲ್ಲಿ ಕುದ್ಸಿ ಕುಡೀರಿ ಅನ್ನು ಅಂತ ನಾನೇ ಯೋಳ್ದೆ ಅಂತ. ಆಟೇಯ. ಕೆಲ್ಸ ಓದ್ರೆ ಓಗ್ಲಿ. ಕೊಲೆಗಾರ ಅನ್ನಿಸ್ಕಂಡು ಈ ಬೀದೀಲಿ ಓಡಾಡಕ್ಕಾಗಲ್ಲ."

ಬಾಗಿಲಿಗೆ ಬಂದು ಕಿವಿಗೆ ಕೈ ಹಿಡಿದು ಕೇಳುತ್ತಿದ್ದ ಪುಟ್ಟಮಾದಮ್ಮ ಗಟ್ಟಿಯಾಗಿ ಹೇಳಿದಳು, "ಯೋಳ್ತಾಳೆ ಬುಡಪ್ಪ. ನನ್ ಸೊಸೆ ಸುಳ್ಳು ಆಡೋಳಲ್ಲ."

"ನಂಗೊತ್ತಿಲ್ವಾ ಅಕ್ಕ" ಎಂದು ಅಂಕಯ್ಯ ಎದ್ದ.

ಆ ರಾತ್ರಿ ಅವಳು ಒಂದು ವಾಕ್ಯವನ್ನು ಮನಸ್ಸಿನಲ್ಲಿ ತಿದ್ದಿ ತೀಡಿ ಸಿದ್ಧ ಮಾಡಿಕೊಂಡಳು. ವಾಲ್ ತಿರುಗಿಸಿದ್ದು ನಾನು. ಅದರಲ್ಲಿ ಒಂದೂ ಹೆಚ್ಚಿನ ಪದವಿರಲಿಲ್ಲ.

ಪಂಚಾಯ್ತಿಯ ಮೀಟಿಂಗ್ ಹಾಲಿನಲ್ಲಿ ತಾಲ್ಲೂಕಿನಿಂದ ಬಂದ ಅಧಿಕಾರಿ ಮಧ್ಯದ ಕುರ್ಚಿಯಲ್ಲಿ, ಪಕ್ಕದಲ್ಲಿ ಪಿಡಿಒ ಯತೀಶ್. ಹೇಳಿಕೆಗಳನ್ನು ಟೈಪು ಮಾಡುವವರು ಬೇರೆ ಯಾರೂ ಇರಲಿಲ್ಲವಾದ್ದರಿಂದ ಅರುಂಧತಿಯನ್ನೇ ಕಂಪ್ಯೂಟರಿನ ಮುಂದೆ ಕೂರಿಸಿದರು. ಅಂಕಯ್ಯ ಕಿಟಕಿಯ ಹತ್ತಿರ ನಿಂತಿದ್ದ. ಮೇಜಿನ ಮೇಲೆ ಆ ಕೀ ಇತ್ತು. ಅಡ್ಡಹಿಡಿಯ ನುಣುಪಿನ ಮೇಲೆ ಬೆಳಕು ಬಿದ್ದಿತ್ತು. ಅಂಕಯ್ಯ ಅದನ್ನೇ ನೋಡುತ್ತಿದ್ದ. ಅದು ಹಳೆಯದಲ್ಲ ಎಂದು ಅವನಿಗೆ ದೂರದಿಂದಲೇ ಗೊತ್ತಾಗಿರಬೇಕು.

ಅವನ ಹೇಳಿಕೆಯನ್ನು ಅವಳು ಟೈಪು ಮಾಡಿದಳು. 'ಕೀಯನ್ನು ಮುಷ್ಕರದ ಹಿಂದಿನ ದಿನ ಶ್ರೀಮತಿ ಅರುಂಧತಿಯವರ ವಶಕ್ಕೆ ಕೊಟ್ಟಿರುತ್ತೇನೆ.'

"ಅರುಂಧತಿಯವರೇ" ಎಂದ ಯತೀಶ್, "ಇದು ನಿಜವಾ? ಯೋಚನೆ ಮಾಡಿ ಹೇಳಿ. ಸಾವಾಗಿರೋ ಕೇಸು. ಪೊಲೀಸ್ನೋರೂ ಇದನ್ನೇ ಓದ್ತಾರೆ."

ಅವಳು ಬಾಯಿ ತೆರೆದಳು. ರಾತ್ರಿ ಸಿದ್ಧಮಾಡಿದ ವಾಕ್ಯ ಅಲ್ಲೇ ಇತ್ತು. ಪೊಲೀಸ್ ಎಂಬ ಮಾತು ಅದರ ಮುಂದೆ ಬಂದು ನಿಂತಿತ್ತು. ಜೀಪು ಮನೆ ಮುಂದೆ ನಿಲ್ಲುತ್ತದೆ, ಅತ್ತೆ ಬಾಗಿಲಿಗೆ ಬರುತ್ತಾಳೆ, ಪಟ್ಟಲಮ್ಮ ಗೋಡೆಯಾಚೆಯಿಂದ ಕೇಳುತ್ತಾಳೆ. ಮುಷ್ಕರ ಮುರಿದವಳು ಎಂದು ಸಂಘ, ಮುದುಕಿಯನ್ನು ಕೊಂದವಳು ಎಂದು ಬೀದಿ.

"ಮುಷ್ಕರದ ಹಿಂದಿನ ದಿನ ಕೊಟ್ಟಿದ್ದು ನಿಜ ಸರ್" ಎಂದಳು. "ನೀರು ಬಂದ ದಿನ ಬೆಳಿಗ್ಗೆ ಅದು ನಮ್ಮ ಮನೆಯಲ್ಲಿ ಇರಲಿಲ್ಲ."

"ಅಂದ್ರೆ ಇವನು ವಾಪಸ್ ತಗೊಂಡು ಹೋಗಿದ್ದ?" ಎಂದ ಅಧಿಕಾರಿ.

"ನಾನು ನೋಡಿಲ್ಲ ಸರ್."

ಒಂದೂ ಸುಳ್ಳಲ್ಲ. ಪ್ರತಿ ಪದವೂ ಸರಿಯಾದ ಜಾಗದಲ್ಲಿತ್ತು.

"ನೀರು ಕುದಿಸಿ ಕುಡಿಯೋಕೆ ಹೇಳು ಅಂತ ನಿಮಗೆ ಹೇಳಿದ್ದನಂತೆ?"

"ಬಾಣಂತಿಗೆ ಕುದಿಸಿದ ನೀರು ಕೊಡಬೇಕು ಅಂತ ಮಾತು ಬಂದಿತ್ತು."

"ಸರಿ, ಟೈಪ್ ಮಾಡಿ."

ಅವಳು ಕೀಲಿಮಣೆಯ ಮೇಲೆ ಕೈಯಿಟ್ಟಳು. ಬಲಗೈಯ ಹೆಬ್ಬೆರಳ ಬುಡದಲ್ಲಿ, ಅಂಗೈ ತಿರುವಿನಲ್ಲಿ, ಬೊಬ್ಬೆ ಒಡೆದು ಚರ್ಮ ಸುಲಿದು ಕೆಂಪಗೆ ಕಾಣುತ್ತಿತ್ತು. ಕಾಗದಕ್ಕೆ ಹೆಬ್ಬೆಟ್ಟು ಒತ್ತಲು ಮೇಜಿನ ಬಳಿ ಬಂದಿದ್ದ ಅಂಕಯ್ಯನ ಕಣ್ಣು ಅಲ್ಲಿ ನಿಂತಿತು. ಅದೇ ಜಾಗದಲ್ಲಿ ಅವನ ಕೈಯಲ್ಲಿ ಹತ್ತೊಂಬತ್ತು ವರ್ಷದ ಜಡ್ಡಿತ್ತು. ಬಿಗಿದ ವಾಲನ್ನು ಮೈ ಭಾರ ಹಾಕಿ ತಿರುಗಿಸಿದವರಿಗೆ ಮಾತ್ರ ಅಲ್ಲಿ ಬೊಬ್ಬೆ ಏಳುತ್ತದೆ.

ಅವನು ಅವಳ ಮುಖ ನೋಡಿದ. ಅವಳು ಪರದೆಯನ್ನು ನೋಡಿದಳು.

"ಏನಯ್ಯ, ಏನಾದ್ರೂ ಹೇಳೋದಿದ್ಯಾ?" ಎಂದ ಅಧಿಕಾರಿ.

ಫ್ಯಾನು ತಿರುಗುತ್ತಿತ್ತು. ಅಂಕಯ್ಯ ಮೇಜಿನ ಮೇಲಿನ ಕೀಯನ್ನು ಇನ್ನೊಮ್ಮೆ ನೋಡಿದ. ಆಮೇಲೆ, "ಇಲ್ಲ ಸಾ. ಅವ್ವ ಓದಿರೋರು. ಯೋಳಿದ್ದು ಸರಿಯಾಗೇ ಇರ್ತದೆ" ಎಂದು ಹೆಬ್ಬೆಟ್ಟು ಒತ್ತಿ, ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡು ಹೊರಗೆ ಹೋದ.

ಅವನು ಯಾಕೆ ಹೇಳಲಿಲ್ಲ? ಕರುಣೆಯೋ, ಯಾರೂ ನಂಬುವುದಿಲ್ಲವೆಂದೋ, ಇಲ್ಲ ಅವಳೊಂದಿಗೆ ಇನ್ನು ಒಂದು ಮಾತಿಗೂ ತಾನು ಸೇರಬಾರದು ಎಂಬ ಅಸಹ್ಯವೋ. ಅವಳಿಗೆ ತಿಳಿಯಲಿಲ್ಲ. ಕೇಳುವ ಹಾಗೂ ಇರಲಿಲ್ಲ.

ಅಂಕಯ್ಯನನ್ನು ಕೆಲಸದಿಂದ ತೆಗೆದರು. ಕೇಸು ಮಳವಳ್ಳಿಯ ಕಡೆಯ ಒಬ್ಬ ವಕೀಲರ ಕೈಯಲ್ಲಿದೆ, ಎಳೆಯುತ್ತಿದೆ. ಅವನು ಈಗ ಆಲೆಮನೆಯಲ್ಲಿ ಕಬ್ಬಿನ ಸಿಪ್ಪೆ ಹೊರುತ್ತಾನೆ. ಬೆಳಿಗ್ಗೆ ಬೀದಿಯಲ್ಲಿ ಹೋಗುವಾಗ ಪಟ್ಟಲಮ್ಮ ಬಾಗಿಲು ಹಾಕಿಕೊಳ್ಳುತ್ತಾಳೆ. ಅರುಂಧತಿಯ ಮನೆಯ ಮುಂದೆ ಬಂದಾಗ ಅವನು ಹೆಜ್ಜೆ ಜೋರು ಮಾಡುವುದಿಲ್ಲ, ನಿಧಾನ ಮಾಡುವುದೂ ಇಲ್ಲ.

ತಿಂಗಳು ಕಳೆದ ಮೇಲೆ ಒಂದು ಮುಚ್ಚಳಿಕೆ ಬಂತು. ನೀರು ಪೂರೈಕೆ ಅಗತ್ಯ ಸೇವೆಯಾಗಿರುವುದರಿಂದ ಯಾವುದೇ ಕಾರಣಕ್ಕೂ ಮುಷ್ಕರದಲ್ಲಿ ಭಾಗವಹಿಸುವುದಿಲ್ಲ ಎಂದು ನೌಕರರು ಸಹಿ ಮಾಡಿಕೊಡಬೇಕು. ಯತೀಶ್ ಅದನ್ನು ಅವಳ ಮೇಜಿನ ಮೇಲಿಟ್ಟ. "ಹೋದ ಸಲ ಏನಾಯ್ತು ಅಂತ ಒಂದು ಸಾಲು ಮೇಲ್ಗಡೆ ಸೇರಿಸಿ. ನಿಮಗೆ ಚೆನ್ನಾಗಿ ಬರೆಯೋಕೆ ಬರುತ್ತೆ." ಅವಳು ಸೇರಿಸಿದಳು. 'ಈ ಹಿಂದೆ ಮುಷ್ಕರದ ಅವಧಿಯಲ್ಲಿ ಸಂಭವಿಸಿದ ಜೀವಹಾನಿಯ ಹಿನ್ನೆಲೆಯಲ್ಲಿ.' ಅವಧಿಯಲ್ಲಿ ಎಂದಳು, ಕಾರಣದಿಂದ ಎನ್ನಲಿಲ್ಲ. ಓದುವವರು ಯಾರೂ ಆ ವ್ಯತ್ಯಾಸವನ್ನು ನೋಡುವುದಿಲ್ಲ ಎಂಬುದೂ ಅವಳಿಗೆ ಗೊತ್ತಿತ್ತು. ಹೊಸದಾಗಿ ಸೇರಿದ್ದ ನೀರು ಬಿಡುವವನು ಓದದೇ ಸಹಿ ಹಾಕಿದ. ಅವಳೂ ಹಾಕಿದಳು.

ಒಂದು ಭಾನುವಾರ ಬೆಳಿಗ್ಗೆ ನಲ್ಲಿ ಸೀಟಿ ಹೊಡೆದು ನೀರು ಬಂತು. ಅವಳು ಬಿಂದಿಗೆಯನ್ನು ಪಕ್ಕಕ್ಕೆ ಸರಿಸಿ ನೀರನ್ನು ಹಾಗೇ ಚರಂಡಿಗೆ ಬಿಟ್ಟು ನಿಂತಳು. ದಿನವೂ ಹಾಗೇ ಮಾಡುತ್ತಿದ್ದಳು.

"ಯಾಕೆ ಅಂಗೆ ಚೆಲ್ತೀಯ?" ಎಂದಳು ಪುಟ್ಟಮಾದಮ್ಮ ಜಗಲಿಯಿಂದ. "ನೀರಿಗೆ ಬೆಲೆ ಇಲ್ವಾ?"

ಪಾಳಿ ಮುಗಿಸಿ ಬಂದಿದ್ದ ಅಶೋಕ್ ಬಾಗಿಲಲ್ಲಿ ಹಲ್ಲುಜ್ಜುತ್ತಾ ಅವಳನ್ನೇ ನೋಡುತ್ತಿದ್ದ. "ಏನಾಗಿದೆ ನಿನಗೆ?" ಎಂದ. "ನಿದ್ದೇಲೂ ಏನೋ ಎಣಿಸ್ತಿರ್ತೀಯ. ಒಂಬತ್ತು ಅಂತೀಯ, ನಿಲ್ಲಿಸ್ತೀಯ. ಏನು ಅದು?"

ಬೀದಿಯ ಕೊನೆಯಿಂದ ಅಂಕಯ್ಯ ಬರುತ್ತಿದ್ದ, ಆಲೆಮನೆಗೆ, ತಲೆಗೆ ಟವೆಲ್ಲು ಸುತ್ತಿಕೊಂಡು. ಅವಳು ಅವನು ಮನೆ ದಾಟುವವರೆಗೂ ಕಾದಳು. ಅವನು ಅವಳ ಕಡೆ ನೋಡಲಿಲ್ಲ; ಚರಂಡಿಗೆ ಹರಿಯುತ್ತಿದ್ದ ನೀರನ್ನು ಒಂದು ಸಲ ನೋಡಿ ಮುಂದೆ ಹೋದ. ಇವತ್ತು ಅಶೋಕನಿಗೆ ಹೇಳದಿದ್ದರೆ ಇನ್ನು ಯಾರಿಗೂ ಎಂದೂ ಹೇಳಲಾಗುವುದಿಲ್ಲ ಎಂದು ಅವಳಿಗೆ ಸ್ಪಷ್ಟವಾಗಿ ತಿಳಿಯಿತು. ತಿಳಿದೇ ಅವಳು ಬಿಂದಿಗೆಯನ್ನು ನಲ್ಲಿಯ ಕೆಳಗೆ ಇಟ್ಟಳು.

"ಏನಿಲ್ಲ" ಎಂದಳು. "ಬಿಂದಿಗೆ ಎಣಿಸ್ತಿರ್ತೀನಿ."